ನಾಲ್ಕು ಸಾಲಿಗೆ ಮೂರು ತಿಂಗಳು

(ಬರೆಯುವ ಆಸೆ ಇರುವ ಕೆಲವರ ಮುಂದೆ ಈಚೆಗೆ ಆಡಿದ ಮಾತಿನ ಬರಹ ರೂಪ ಇದು. ನಡುವೆ ಬಂದ ಕೆಮ್ಮು, 'ಅಂದ್ರೆ', 'ಏನಪ್ಪಾ ಅಂದ್ರೆ'ಗಳನ್ನು ತೆಗೆದಿದ್ದೇನೆ. ಉಳಿದದ್ದು ಹೆಚ್ಚುಕಡಿಮೆ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಪ್ರಶ್ನೆ. ಕೈ ಎತ್ತಬೇಕಾಗಿಲ್ಲ, ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳಿ. ಅರ್ಧ ಬರೆದು ಕಳಿಸದೇ ಬಿಟ್ಟ ಮೆಸೇಜ್ ನಿಮ್ಮ ಫೋನಿನಲ್ಲಿ ಎಷ್ಟಿವೆ? ನಗು ಕೇಳಿಸ್ತಾ ಇದೆ. ಸರಿ, ನಮ್ಮವರ ನಡುವೆಯೇ ಇದ್ದೇನೆ ಅಂತಾಯಿತು.

ನನ್ನ ಕಥೆಯೂ ಬೇರೆಯಲ್ಲ. ಈ ಮಾತಿಗೆ ನನ್ನನ್ನು ಕರೆದು ಒಂದು ತಿಂಗಳಾಯಿತು. ಜಾಸ್ತಿ ಯೋಚನೆ ಮಾಡದೆ ಬರೆಯುವುದು ಹೇಗೆ ಅನ್ನುವುದು ವಿಷಯ. ಅದರ ಬಗ್ಗೆ ಮೂರು ವಾರ ಜಾಸ್ತಿ ಯೋಚನೆ ಮಾಡಿದೆ. ಒಂದಕ್ಷರ ಬರೆಯಲಿಲ್ಲ. ನಾಲ್ಕನೇ ವಾರ ಗಾಬರಿಯಾಗಿ ಬರೆದದ್ದನ್ನೇ ಈಗ ಹೇಳುತ್ತಿದ್ದೇನೆ.

ಇದರಲ್ಲಿ ನನಗಿಂತ ಮುಂದೆ ಹೋದವರಿದ್ದಾರೆ. ಡೆನಿಸ್ ಅಪ್ಪರ್ ಅಂತ ಒಬ್ಬ ಅಮೆರಿಕದ ಮನೋವಿಜ್ಞಾನಿ. 1974ರಲ್ಲಿ ಒಂದು ಗಂಭೀರ ಸಂಶೋಧನಾ ಪತ್ರಿಕೆಯಲ್ಲಿ ಅವರ ಲೇಖನ ಅಚ್ಚಾಯಿತು. ಬರೆಯಲು ಕೈ ಓಡದ ತೊಂದರೆಗೆ ತಾನೇ ಮಾಡಿಕೊಂಡ, ಆದರೆ ಫಲ ಕೊಡದ ಚಿಕಿತ್ಸೆ ಅನ್ನುವ ಅರ್ಥದ ತಲೆಬರಹ. ಅದರ ಕೆಳಗೆ ಏನೂ ಇಲ್ಲ. ಖಾಲಿ. ಲೇಖನವನ್ನು ಪರಿಶೀಲಿಸಿದವರ ಮಾತನ್ನೂ ಜೊತೆಗೆ ಹಾಕಿದ್ದಾರೆ. ನಿಂಬೆರಸ ಹಚ್ಚಿ ನೋಡಿದೆ, ಎಕ್ಸ್‌ರೇ ಹಿಡಿದು ನೋಡಿದೆ, ಒಂದೇ ಒಂದು ತಪ್ಪು ಸಿಗಲಿಲ್ಲ, ಏನೂ ತಿದ್ದದೆ ಅಚ್ಚು ಹಾಕಿ ಅಂತ ಅವರು ಬರೆದುಕೊಟ್ಟಿದ್ದರು.

ತಮಾಷೆಗೆ ಮಾಡಿದ್ದು, ನಿಜ. ಆದರೆ ನಮ್ಮ ಕಾಯಿಲೆ ಅದರಲ್ಲಿ ಪೂರ್ತಿ ಇದೆ. ಬರೆಯದೇ ಇರುವ ಹಾಳೆಯಲ್ಲಿ ಯಾರೂ ತಪ್ಪು ಹುಡುಕಲಾರರು. ಮೀನಮೇಷ ಎಣಿಸುತ್ತಾ ಕೂರುವವರು ಸೋಮಾರಿಗಳು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಅವರು ಆ ಖಾಲಿ ಹಾಳೆಯನ್ನು ಕಾಯುತ್ತಿರುತ್ತಾರೆ.

ನಾನು ಕಾಯ್ದ ಒಂದು ಹಾಳೆಯ ಕಥೆ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ಗೆಳೆಯನ ತಾಯಿ ತೀರಿಕೊಂಡರು. ನಾನು ದೂರದಲ್ಲಿದ್ದೆ, ಹೋಗಲಾಗಲಿಲ್ಲ. ಫೋನ್ ಮಾಡಲು ಧೈರ್ಯ ಬರಲಿಲ್ಲ. ಕಾಗದ ಬರೆಯೋಣ ಅಂತ ಕೂತೆ. 'ನಿನ್ನ ತಾಯಿಯವರು ಅಗಲಿದ ಸುದ್ದಿ ತಿಳಿದು' ಅಂತ ಶುರು ಮಾಡಿದೆ. ಪೇಪರಿನ ಶ್ರದ್ಧಾಂಜಲಿ ಜಾಹೀರಾತಿನ ಹಾಗೆ ಕಂಡಿತು. ಹೊಡೆದು ಹಾಕಿದೆ. 'ಅಮ್ಮ ಹೋದರಂತಲ್ಲೋ' ಅಂತ ಬರೆದೆ. ತೀರಾ ಸಲಿಗೆ ಆಯಿತೇನೋ ಅನ್ನಿಸಿತು. 'ಧೈರ್ಯ ತಂದುಕೊ' ಅಂತ ಬರೆದೆ. ಅದನ್ನು ಹೇಳೋಕೆ ನಾನ್ಯಾರು? ಅದೂ ಹೋಯಿತು.

ಹೀಗೆ ಒಂದು ವಾರ ಕಳೆಯಿತು. ಈಗ ತಡವಾಯಿತಲ್ಲ, ತಡವಾದದ್ದಕ್ಕೂ ಕ್ಷಮೆ ಕೇಳಬೇಕು. ಆ ಕ್ಷಮೆಯನ್ನು ಎಲ್ಲಿಡೋದು, ಮೊದಲಾ, ಕೊನೆಗಾ? ಆ ಲೆಕ್ಕದಲ್ಲಿ ಇನ್ನೆರಡು ವಾರ. ತಿಂಗಳು ಕಳೆಯುವ ಹೊತ್ತಿಗೆ ತಡವೇ ದೊಡ್ಡ ವಿಷಯವಾಗಿ, ಆ ತಾಯಿಯ ಸಾವು ಅದರ ಹಿಂದೆ ಎಲ್ಲೋ ಮರೆಯಾಗಿತ್ತು. ಬರೆಯಬೇಕಾದದ್ದನ್ನು ಮುಂದಕ್ಕೆ ಹಾಕಿದರೆ ಅದು ಇದ್ದಷ್ಟೇ ಇರುವುದಿಲ್ಲ. ಸಾಲದ ಬಡ್ಡಿಯ ಹಾಗೆ ಬೆಳೆಯುತ್ತದೆ. ಇದು ಅನುಭವಿಸಿದವರಿಗೆ ಗೊತ್ತು.

ಆ ಕಾಗದದ ಕಥೆ ಇಲ್ಲಿಗೆ ನಿಲ್ಲಿಸುತ್ತೇನೆ. ಆಮೇಲೆ ಬರುತ್ತೇನೆ.

ಯೋಚನೆಗೂ ಜಾಸ್ತಿ ಯೋಚನೆಗೂ ಏನು ವ್ಯತ್ಯಾಸ? ಯೋಚನೆ ಮಾಡಬೇಡಿ ಅಂತ ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ಯೋಚನೆ ಮಾಡದೆ ಬರೆದದ್ದನ್ನು ಓದುವ ಶಿಕ್ಷೆ ನಾವೆಲ್ಲ ದಿನಾ ಅನುಭವಿಸುತ್ತಿದ್ದೇವೆ. ನಾನು ಗುರುತು ಹಿಡಿಯುವುದು ಹೀಗೆ. ಯೋಚನೆ ಮಾಡಿದರೆ ಪ್ರಶ್ನೆ ಬದಲಾಗುತ್ತದೆ. ಒಂದು ಗಂಟೆಯ ಹಿಂದೆ ಇದ್ದ ಪ್ರಶ್ನೆಯೇ ಈಗಲೂ, ಅದೇ ಮಾತುಗಳಲ್ಲಿ, ತಲೆಯಲ್ಲಿ ಸುತ್ತುತ್ತಿದ್ದರೆ ಅದು ಓವರ್‌ಥಿಂಕಿಂಗ್.

ಮನೋವಿಜ್ಞಾನದಲ್ಲಿ ಇದಕ್ಕೆ 'ರೂಮಿನೇಶನ್' ಅನ್ನುತ್ತಾರೆ. ಆ ಪದದ ಮೂಲ ಅರ್ಥ ದನ ಮೆಲುಕು ಹಾಕುವುದು. ನಮ್ಮ ಭಾಷೆಯಲ್ಲಿ ಮೆಲುಕು ಹಾಕುವುದು ಸಿಹಿ ಕೆಲಸ, ಹಳೆಯ ಒಳ್ಳೆಯ ದಿನಗಳನ್ನು ಮೆಲುಕು ಹಾಕುತ್ತೇವೆ. ಅವರಲ್ಲಿ ಅದೇ ಚಿತ್ರ ಕಾಯಿಲೆಯ ಹೆಸರಿನ ಹತ್ತಿರ ಹೋಗಿಬಿಟ್ಟಿದೆ. ನನಗೆ ಈ ಹೆಸರಿನ ಮೇಲೆ ಒಂದು ತಕರಾರಿದೆ. ದನ ಮೆಲುಕು ಹಾಕಿದರೆ ಹುಲ್ಲು ಜೀರ್ಣವಾಗುತ್ತದೆ. ನಾವು ರಾತ್ರಿಯಿಡೀ ಅಗಿದರೂ ಬೆಳಿಗ್ಗೆ ಹುಲ್ಲು ಹುಲ್ಲಾಗಿಯೇ ಇರುತ್ತದೆ.

ಇದರ ಬಗ್ಗೆ ಜೀವನಪೂರ್ತಿ ಸಂಶೋಧನೆ ಮಾಡಿದವರು ಸೂಸನ್ ನೋಲೆನ್-ಹೊಕ್ಸೆಮಾ ಅನ್ನುವ ಮನೋವಿಜ್ಞಾನಿ. ಅವರಿಗೆ ಒಂದು ವಿಚಿತ್ರ ಸಂದರ್ಭ ಒದಗಿತು. 1989ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ ಒಂದಷ್ಟು ಪ್ರಶ್ನೆಗಳಿಗೆ ಉತ್ತರ ಬರೆಸಿಕೊಂಡಿದ್ದರು. ಬೇಜಾರಾದಾಗ ಏನು ಮಾಡುತ್ತೀರಿ, ಅದನ್ನೇ ಯೋಚಿಸುತ್ತಾ ಕೂರುತ್ತೀರಾ, ಈ ಥರದ ಪ್ರಶ್ನೆಗಳು. ಅದಾದ 14 ದಿನಕ್ಕೆ, ಅಕ್ಟೋಬರ್ 17ರಂದು, ಅಲ್ಲಿ ದೊಡ್ಡ ಭೂಕಂಪ ಆಯಿತು. ಆಮೇಲೆ ಅದೇ ವಿದ್ಯಾರ್ಥಿಗಳನ್ನು ಮತ್ತೆ ವಿಚಾರಿಸಿದರು. ಮೊದಲಿನಿಂದಲೂ ಬೇಜಾರನ್ನು ಅಗಿಯುತ್ತಾ ಕೂರುವ ಅಭ್ಯಾಸ ಇದ್ದವರಲ್ಲಿ, ಏಳು ವಾರ ಕಳೆದ ಮೇಲೂ ಖಿನ್ನತೆಯ ಲಕ್ಷಣಗಳು ಜಾಸ್ತಿ ಉಳಿದಿದ್ದವು. ಭೂಮಿ ನಿಂತಿತ್ತು, ತಲೆ ನಿಂತಿರಲಿಲ್ಲ.

ಹಾಗಾದರೆ ಆ ಯೋಚನೆಯನ್ನು ತಲೆಯಿಂದ ಓಡಿಸಿದರಾಯಿತು ಅಂತೀರಾ? ಔಷಧಿ ಕುಡಿಯುವಾಗ ಕೋತಿಯನ್ನು ನೆನೆಯಬೇಡ ಅಂದ ವೈದ್ಯನ ಕಥೆ ನಿಮಗೆಲ್ಲ ಗೊತ್ತು. ಡೇನಿಯಲ್ ವೆಗ್ನರ್ ಅನ್ನುವವರು 1987ರಲ್ಲಿ ಹೆಚ್ಚುಕಡಿಮೆ ಅದನ್ನೇ ಪ್ರಯೋಗ ಮಾಡಿದರು. ಕೋತಿಯ ಬದಲು ಬಿಳಿ ಕರಡಿ. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದರು. ಗಂಟೆ ಬಡಿಯುತ್ತಲೇ ಇತ್ತು. ಆಮೇಲೆ 'ಈಗ ಬೇಕಾದರೆ ನೆನೆಯಬಹುದು' ಅಂದಾಗ, ಮೊದಲಿನಿಂದಲೂ ನೆನೆಯಲು ಬಿಟ್ಟವರಿಗಿಂತ ಇವರಿಗೇ ಕರಡಿ ಜಾಸ್ತಿ ಕಾಣಿಸಿಕೊಂಡಿತು. ನಮ್ಮ ವೈದ್ಯನಿಗೆ ಇದು ಮುಂಚೆಯೇ ಗೊತ್ತಿತ್ತು, ಸಂಶೋಧನಾ ಲೇಖನ ಬರೆಯಲಿಲ್ಲ ಅಷ್ಟೇ.

ಓಡಿಸಲು ಆಗಲ್ಲ ಅಂದಮೇಲೆ ಇನ್ನೊಂದು ದಾರಿ, ಅದಕ್ಕೆ ಬೇರೆ ಕಡೆ ಕೂರಲು ಜಾಗ ಕೊಡುವುದು. ಹಾಳೆಯ ಮೇಲೆ. ಒಂದು ಹೊತ್ತಿನಲ್ಲಿ ನಮ್ಮ ತಲೆ ಹಿಡಿದುಕೊಳ್ಳಬಲ್ಲ ಸಂಗತಿಗಳು ಸುಮಾರು ನಾಲ್ಕು ಅಂತ ನೆಲ್ಸನ್ ಕೋವನ್ ಅನ್ನುವ ಮನೋವಿಜ್ಞಾನಿ 2001ರಲ್ಲಿ ಹೇಳಿದರು. ನಾಲ್ಕೇ! ನಾನು ಗೆಳೆಯನಿಗೆ ಕಾಗದ ಬರೆಯಲು ಕೂತಾಗ ತಲೆಯಲ್ಲಿದ್ದದ್ದು ಎಣಿಸಿ. ಅವನ ದುಃಖ, ನನ್ನ ತಡ, ಸಲಿಗೆಯಾ ಗೌರವವಾ ಅನ್ನುವ ಗೊಂದಲ, ಅವನ ಮನೆಯವರೂ ಓದಿದರೆ ಅನ್ನುವ ಭಯ. ಅಲ್ಲಿಗೇ ಜಾಗ ಭರ್ತಿ. ವಾಕ್ಯಕ್ಕೆ ಕೂರಲು ಎಲ್ಲಿದೆ ಜಾಗ?

ಇದಕ್ಕೆ ಒಂದು ಸಣ್ಣ ಪ್ರಯೋಗ ನನಗೆ ಬಹಳ ಇಷ್ಟ. 2018ರಲ್ಲಿ ಮೈಕಲ್ ಸ್ಕಲಿನ್ ಮತ್ತು ಜೊತೆಗಾರರು 57 ಜನರನ್ನು ನಿದ್ದೆಯ ಪ್ರಯೋಗಾಲಯದಲ್ಲಿ ಮಲಗಿಸಿದರು. ಮಲಗುವ ಮುಂಚೆ ಐದು ನಿಮಿಷ ಬರೆಯಬೇಕು. ಅರ್ಧ ಜನ ಅವತ್ತಿನವರೆಗೆ ಮಾಡಿ ಮುಗಿಸಿದ ಕೆಲಸಗಳನ್ನು ಬರೆದರು. ಇನ್ನರ್ಧ ಜನ ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದರು. ಬಾಕಿ ಕೆಲಸ ಬರೆದವರಿಗೇ ಚಿಂತೆ ಜಾಸ್ತಿಯಾಗಿ ನಿದ್ದೆ ಹಾರಬೇಕು ಅಲ್ವಾ? ಆದದ್ದು ಉಲ್ಟಾ. ಅವರಿಗೆ ಸುಮಾರು ಒಂಬತ್ತು ನಿಮಿಷ ಮುಂಚೆಯೇ ನಿದ್ದೆ ಹತ್ತಿತು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತಾರೆ. ಚಿಂತೆಯನ್ನು ಚೀಟಿಯಲ್ಲಿ ಬರೆದಿಟ್ಟವನಿಗೂ ಸ್ವಲ್ಪ ಬೇಗ ಬರುತ್ತದೆ ಅಂತ ಸೇರಿಸಿಕೊಳ್ಳೋಣ.

ಇನ್ನೂ ಆಳದ ವಿಷಯಗಳಿಗೆ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಪ್ರಯೋಗ ಇದೆ. ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ಕೆಲವರು ಮಾಮೂಲಿ ಸಂಗತಿ ಬರೆದರು, ಕೆಲವರು ತಮ್ಮನ್ನು ಅಲ್ಲಾಡಿಸಿದ ಘಟನೆಯನ್ನೂ ಅದರ ನೋವನ್ನೂ ಬರೆದರು. ನೋವು ಬರೆದವರು ಬರೆದ ಕೂಡಲೇ ಹಗುರಾಗಲಿಲ್ಲ. ಇನ್ನಷ್ಟು ಬೇಜಾರಾದರು. ಇದನ್ನು ಯಾಕೆ ಹೇಳುತ್ತೇನೆ ಅಂದರೆ, 'ಬರೆದರೆ ಮನಸ್ಸು ಹಗುರಾಗುತ್ತೆ' ಅಂತ ಸುಮ್ನೆ ಹೇಳಿ ಕಳಿಸುವವರು ಜಾಸ್ತಿ. ಮೊದಲ ದಿನ ಭಾರವೂ ಆಗಬಹುದು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ಡಾಕ್ಟರ ಹತ್ತಿರ ಹೋದದ್ದು ಕಡಿಮೆ. ಇಂಥ ಬರಹಗಳನ್ನು ಪೆನ್ನೆಬೇಕರ್ ಆಮೇಲೆ ಪದ ಪದ ಬಿಡಿಸಿ ನೋಡಿದರು. ದಿನ ಕಳೆದ ಹಾಗೆ 'ಯಾಕೆಂದರೆ', 'ಈಗ ಗೊತ್ತಾಯಿತು' ಅನ್ನುವಂಥ ಮಾತುಗಳು ಯಾರ ಬರಹದಲ್ಲಿ ಹೆಚ್ಚಾದವೋ ಅವರಿಗೆ ಜಾಸ್ತಿ ಉಪಯೋಗ ಆಗಿತ್ತು. ಹುಲ್ಲು ಜೀರ್ಣವಾಗುವ ಸದ್ದು ಅದೇ ಇರಬೇಕು.

ಸರಿ, ನಮಗೋಸ್ಕರ ಬರೆದುಕೊಳ್ಳುವುದು ಒಂದು ಮಾತು. ಇನ್ನೊಬ್ಬರು ಓದುತ್ತಾರೆ ಅಂದ ಕೂಡಲೇ ಕೈ ಗಟ್ಟಿಯಾಗುತ್ತದಲ್ಲ, ಅದಕ್ಕೇನು?

1980ರಲ್ಲಿ ಮೈಕ್ ರೋಸ್ ಅನ್ನುವ ಮೇಷ್ಟ್ರು ಹತ್ತು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಮಾತಾಡಿಸಿದರು. ಐದು ಜನಕ್ಕೆ ಬರೆಯಲು ಕೂತರೆ ಕೈ ಓಡುವುದಿಲ್ಲ, ಐದು ಜನಕ್ಕೆ ಓಡುತ್ತದೆ. ಜಾಣತನದಲ್ಲಿ ವ್ಯತ್ಯಾಸ ಇರಲಿಲ್ಲ. ಕೈ ಓಡದವರ ತಲೆಯಲ್ಲಿ ಕಲ್ಲಿನಂಥ ನಿಯಮಗಳಿದ್ದವು. ಒಬ್ಬಳಿಗೆ ಪ್ರತಿ ವಾಕ್ಯವೂ ಮೊದಲ ಸಲವೇ ವ್ಯಾಕರಣ ಸರಿಯಾಗಿ ಬರಬೇಕು. ಇನ್ನೊಬ್ಬಳಿಗೆ ಮೊದಲ ಪ್ಯಾರಾ ಗಟ್ಟಿಯಾಗದೆ ಎರಡನೆಯದಕ್ಕೆ ಹೋಗಬಾರದು. ಮತ್ತೊಬ್ಬಳು ಏನು ಬರೆಯಬೇಕು ಅನ್ನುವ ನಕ್ಷೆ ಹಾಕುವುದರಲ್ಲೇ ದಿನಗಳನ್ನು ಕಳೆದು, ಬರೆಯಲು ಕೆಲವೇ ಗಂಟೆ ಉಳಿಸಿಕೊಳ್ಳುತ್ತಿದ್ದಳು. ಕೈ ಓಡುವವರಿಗೂ ನಿಯಮಗಳಿದ್ದವು. ಕೇಳಿದರೆ ಅವರು ಹೇಳಿದ್ದು ಇಷ್ಟೇ: ಕೆಲಸಕ್ಕೆ ಬಂದರೆ ಇಟ್ಟುಕೊಳ್ತೀವಿ, ಬರದಿದ್ದರೆ ಬಿಡ್ತೀವಿ.

ಇದನ್ನು ಓದಿದಾಗ ನನ್ನ ನಿಯಮಗಳನ್ನು ಒಂದು ಚೀಟಿಯಲ್ಲಿ ಬರೆದೆ. ನಗು ಬಂತು. 'ಮೊದಲ ವಾಕ್ಯ ಯಾರೂ ಬರೆದಿರಬಾರದು' ಅಂತ ಒಂದು. 'ಒಂದೇ ಪದ ಎರಡು ಸಲ ಬರಬಾರದು' ಅಂತ ಇನ್ನೊಂದು. ಶಾಲೆಯಲ್ಲಿ ಯಾವಾಗಲೋ ಕೆಂಪು ಇಂಕಿನಲ್ಲಿ ಬಿದ್ದದ್ದು, ಇನ್ನೂ ಒಣಗಿರಲಿಲ್ಲ. ನೀವೂ ಬರೆದು ನೋಡಿ. ನಿಯಮ ತಲೆಯೊಳಗೆ ಇರುವಾಗ ದೇವರ ಅಪ್ಪಣೆಯ ಹಾಗೆ ಕೇಳಿಸುತ್ತದೆ. ಚೀಟಿಯಲ್ಲಿ ನೋಡಿದರೆ ಸಪ್ಪೆ.

ನನ್ನ ಕಷ್ಟ ಏನಾಗಿತ್ತು ಅಂದರೆ, ಬರೆಯುವವನೂ ತಿದ್ದುವವನೂ ಒಂದೇ ಹೊತ್ತಿಗೆ ಕೂರುತ್ತಿದ್ದರು. ಎತ್ತು ಏರಿಗೆ, ಕೋಣ ನೀರಿಗೆ. ಅರ್ಧ ಸಾಲು ಬರುವಷ್ಟರಲ್ಲಿ ತಿದ್ದುವವನು ಹೆಗಲ ಮೇಲಿಂದ ಬಗ್ಗಿ 'ಥೂ' ಅನ್ನುತ್ತಿದ್ದ. ಈಗ ಇಬ್ಬರಿಗೂ ಬೇರೆ ಬೇರೆ ಹೊತ್ತು ಕೊಟ್ಟಿದ್ದೇನೆ. ಬೆಳಿಗ್ಗೆ ಇಪ್ಪತ್ತು ನಿಮಿಷ ಬರೆಯುವವನದು. ಆಗ ಅಳಿಸುವ ಹಾಗಿಲ್ಲ. ಪದ ಸಿಗದಿದ್ದರೆ 'ಇಲ್ಲಿ ಏನೋ ಬೇಕು' ಅಂತಲೇ ಬರೆದು ಮುಂದೆ ಹೋಗುತ್ತೇನೆ. ಮೊದಲ ವಾಕ್ಯ ಬರದಿದ್ದರೆ ಎರಡನೆಯದರಿಂದ ಶುರು. ಎಷ್ಟೋ ಸಲ ಮೊದಲನೆಯದು ಬೇಕಾಗಿಯೇ ಇರಲಿಲ್ಲ ಅಂತ ಆಮೇಲೆ ತಿಳಿಯುತ್ತದೆ. ತಿದ್ದುವವನಿಗೆ ಸಂಜೆ. ಅವನಿಗೂ ಕೆಲಸ ಬೇಕು ಪಾಪ, ಅವನಿಲ್ಲದಿದ್ದರೆ ನಾನು ಬರೆದದ್ದನ್ನು ಯಾರೂ ಓದಲಾರರು.

ಸ್ಫೂರ್ತಿ ಬರಲಿ ಅಂತ ಕಾಯುವವರಿಗೆ ಒಂದು ಮಾತು. ರಾಬರ್ಟ್ ಬಾಯ್ಸ್ ಅನ್ನುವವರು 1980ರ ದಶಕದಲ್ಲಿ ಅಧ್ಯಾಪಕರ ಮೇಲೆ ಇದನ್ನು ನೋಡಿದರು. ಮನಸ್ಸು ಬಂದಾಗ ಮಾತ್ರ ಬರೆದವರಿಗಿಂತ, ಮನಸ್ಸಿರಲಿ ಬಿಡಲಿ ಹೊತ್ತಿಗೆ ಸರಿಯಾಗಿ ಕೂತವರು ಜಾಸ್ತಿ ಪುಟ ಬರೆದರು. ಅದೇನು ದೊಡ್ಡ ವಿಷಯ ಅಲ್ಲ. ಹೊಸ ಹೊಳಹುಗಳೂ ಅವರಿಗೇ ಜಾಸ್ತಿ ಬಂದವು! ಹಾಡ್ತಾ ಹಾಡ್ತಾ ರಾಗ ಅಂತ ಸುಮ್ನೆ ಹೇಳಿದ್ದಲ್ಲ.

ಇಷ್ಟೆಲ್ಲ ಕೈಚಳಕ ಕಲಿತ ಮೇಲೂ ಆ ಕಾಗದ ನನ್ನಿಂದ ಆಗಲಿಲ್ಲ. ಯಾಕೆ ಅಂತ ಬಹಳ ದಿನ ಗೊತ್ತಾಗಲಿಲ್ಲ. ಹೊಡೆದು ಹಾಕಿದ ಸಾಲುಗಳನ್ನೆಲ್ಲ ಒಂದು ಸಲ ಸಾಲಾಗಿ ಓದಿದಾಗ ಹೊಳೆಯಿತು. ಒಂದರಲ್ಲೂ ಅವನ ಅಮ್ಮ ಇರಲಿಲ್ಲ. ಅವನೂ ಇರಲಿಲ್ಲ. ಎಲ್ಲದರಲ್ಲೂ ಇದ್ದದ್ದು ನಾನು. ಸಲಿಗೆ ಜಾಸ್ತಿ ಮಾಡುವ ನಾನು, ತಡ ಮಾಡಿದ ನಾನು, ಒರಟು ಅನ್ನಿಸಿಕೊಂಡೇನು ಅಂತ ಹೆದರುವ ನಾನು. ಸಾವಿನ ಮನೆಗೆ ಹೋಗಿ ಕನ್ನಡಿ ಹುಡುಕುತ್ತಿದ್ದ ಹಾಗಿತ್ತು.

ಎಲ್ಲರೂ ನಮ್ಮನ್ನೇ ನೋಡುತ್ತಿದ್ದಾರೆ ಅನ್ನುವ ಈ ಭ್ರಮೆಯನ್ನು ಥಾಮಸ್ ಗಿಲೋವಿಚ್ ಮತ್ತು ಅವರ ಜೊತೆಯವರು 2000ದಲ್ಲಿ ಅಳೆದು ತೋರಿಸಿದರು. ಹಾಕಿಕೊಳ್ಳಲು ನಾಚಿಕೆಯಾಗುವಂಥ ಚಿತ್ರ ಇರುವ ಟೀ ಶರ್ಟ್ ಕೊಟ್ಟು, ಜನ ಕೂತಿದ್ದ ಕೋಣೆಗೆ ಒಬ್ಬೊಬ್ಬರನ್ನೇ ಕಳಿಸಿದರು. ಎಷ್ಟು ಜನ ಗಮನಿಸಿರಬಹುದು ಅಂತ ಕೇಳಿದರೆ, ಹಾಕಿಕೊಂಡವರು ಸುಮಾರು ಅರ್ಧದಷ್ಟು ಜನ ಅಂದರು. ನಿಜವಾಗಿ ಗಮನಿಸಿದ್ದವರು ಕಾಲು ಭಾಗದಷ್ಟು.

ನನ್ನ ಮಟ್ಟಿಗೆ ಇವತ್ತಿನ ಮಾತಿನ ಮುಖ್ಯ ಜಾಗ ಇದು. ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಿಮಗೆ ಉಪಕಾರ ಮಾಡಿದ ಯಾರಿಗಾದರೂ ಕೃತಜ್ಞತೆಯ ಕಾಗದ ಬರೆಯಿರಿ ಅಂತ ಜನರಿಗೆ ಹೇಳಿದರು. ಓದಿದವರಿಗೆ ಹೇಗನ್ನಿಸಬಹುದು ಅಂತ ಬರೆದವರನ್ನು ಮೊದಲೇ ಕೇಳಿಟ್ಟುಕೊಂಡರು. ಆಮೇಲೆ ಓದಿದವರನ್ನೇ ಕೇಳಿದರು. ಎರಡೂ ತಾಳೆಯಾಗಲಿಲ್ಲ. ಓದಿದವರಿಗೆ ಮುಜುಗರ ಆಗುತ್ತದೆ ಅಂತ ಬರೆದವರು ಅಂದುಕೊಂಡಷ್ಟು ಮುಜುಗರ ಆಗಿರಲಿಲ್ಲ. ಆಶ್ಚರ್ಯವೂ ಖುಷಿಯೂ ಅಂದುಕೊಂಡದ್ದಕ್ಕಿಂತ ಜಾಸ್ತಿ ಆಗಿತ್ತು. ಎಲ್ಲಿ ಎಡವಿದರು ಅಂತ ಹುಡುಕಿದರೆ, ಬರೆದವರು ತಲೆ ಕೆಡಿಸಿಕೊಂಡಿದ್ದು ಪದಗಳು ಸರಿ ಬಂದವಾ ಅನ್ನುವುದಕ್ಕೆ. ಓದಿದವರು ನೋಡಿದ್ದು ಅದರ ಅಕ್ಕರೆಯನ್ನು.

ಅಂದರೆ ನಾವು ಪರೀಕ್ಷೆ ಬರೆಯುತ್ತಿರುತ್ತೇವೆ. ಆ ಕಡೆ ಇರುವವರು ಕಾಗದ ಓದುತ್ತಿರುತ್ತಾರೆ. ಈ ಎರಡರ ನಡುವಿನ ಅಂತರದಲ್ಲೇ ನಮ್ಮ ಜಾಸ್ತಿ ಯೋಚನೆ ಮನೆ ಮಾಡಿಕೊಂಡಿದೆ.

ಹಾಗಾಗಿ ನಾನು ಏನು ಬರೆದರೂ, ಅದು ಲೇಖನವಾಗಲಿ ಕಥೆಯಾಗಲಿ, ಮೇಲೆ ಒಬ್ಬರ ಹೆಸರು ಹಾಕಿಕೊಳ್ಳುತ್ತೇನೆ. ಗೊತ್ತಿರುವ ಒಬ್ಬರು. ಮುಗಿದ ಮೇಲೆ ಹೆಸರು ತೆಗೆಯುತ್ತೇನೆ. 'ಓದುಗರು' ಅನ್ನುವವರನ್ನು ನಾನು ಯಾವತ್ತೂ ನೋಡಿಲ್ಲ, ಅವರ ಜೊತೆ ಮಾತಾಡಲು ಬರುವುದಿಲ್ಲ. ಅಕ್ಕನ ಜೊತೆ ಬರುತ್ತದೆ.

ಅಕ್ಕ ಅಂದ ಕೂಡಲೇ ನೆನಪಾಯಿತು. ಇಂಗ್ಲೆಂಡಿನ ಉತ್ತರದಲ್ಲಿ ವಿಂಡೊಲಾಂಡಾ ಅಂತ ಒಂದು ರೋಮನ್ ಸೇನಾ ಕೋಟೆಯ ಜಾಗ ಇದೆ. 1973ರಲ್ಲಿ ಅಲ್ಲಿ ಅಗೆಯುವಾಗ ತೆಳ್ಳನೆಯ ಮರದ ಚೂರುಗಳು ಸಿಕ್ಕವು. ಬಡಗಿ ಹೆರೆದು ಬಿಸಾಡಿದ ಹೊಟ್ಟು ಅಂದುಕೊಂಡಿದ್ದರಂತೆ. ಅಂಟಿಕೊಂಡಿದ್ದ ಎರಡನ್ನು ಬಿಡಿಸಿದರೆ ಒಳಗೆ ಇಂಕಿನ ಬರಹ! ಆಮೇಲೆ ಅಲ್ಲಿ ನೂರಾರು ಸಿಕ್ಕವು. ಒಂದರಲ್ಲಿ ಯಾರೋ ಯಾರಿಗೋ ಕಾಲುಚೀಲ, ಒಳಚಡ್ಡಿ ಕಳಿಸಿದ ಲೆಕ್ಕ ಇದೆ. ಇನ್ನೊಂದರಲ್ಲಿ ಕ್ಲಾಡಿಯಾ ಸೆವೆರಾ ಅನ್ನುವ ಹೆಂಗಸು ತನ್ನ ಗೆಳತಿ ಸುಲ್ಪಿಷಿಯಾ ಲೆಪಿಡಿನಾಳನ್ನು ಹುಟ್ಟುಹಬ್ಬಕ್ಕೆ ಕರೆಯುತ್ತಾಳೆ. ಸೆಪ್ಟೆಂಬರ್ 11, ತಪ್ಪದೆ ಬಾ, ನೀನು ಬಂದರೆ ದಿನ ಚೆನ್ನಾಗಿರುತ್ತದೆ ಅಂತ. ಕಾಗದದ ಮುಖ್ಯ ಭಾಗವನ್ನು ಬರವಣಿಗೆಯವನೊಬ್ಬ ಅಚ್ಚುಕಟ್ಟಾಗಿ ಬರೆದಿದ್ದಾನೆ. ಕೊನೆಗೆ ಅವಳೇ ಕೈಬರಹದಲ್ಲಿ, ಸ್ವಲ್ಪ ಒಡ್ಡೊಡ್ಡಾಗಿ, ಕೆಲವು ಮಾತು ಸೇರಿಸಿದ್ದಾಳೆ. ನಿನ್ನ ದಾರಿ ಕಾಯುತ್ತಿರುತ್ತೇನೆ ಅಕ್ಕಾ, ಅಂತ.

ಸುಮಾರು 1,900 ವರ್ಷ ಆಗಿದೆ. ಲ್ಯಾಟಿನ್‌ನಲ್ಲಿ ಹೆಂಗಸೊಬ್ಬಳ ಕೈಬರಹ ಅಂತ ಗೊತ್ತಿರುವವುಗಳಲ್ಲಿ ಅತಿ ಹಳೆಯ ಕೆಲವೇ ಬರಹಗಳಲ್ಲಿ ಅದೂ ಒಂದು. ಬರವಣಿಗೆಯವನ ನೀಟಾದ ಸಾಲುಗಳನ್ನು ಈಗ ಯಾರೂ ನೆನೆಯುವುದಿಲ್ಲ. ಬ್ರಿಟಿಷ್ ಮ್ಯೂಸಿಯಂನಲ್ಲಿ ಜನ ಬಗ್ಗಿ ನೋಡುವುದು ಆ ಒಡ್ಡೊಡ್ಡು ಸಾಲುಗಳನ್ನೇ.

ಇನ್ನೊಬ್ಬರು ಅಮೆರಿಕದ ಕವಿ ಎಮಿಲಿ ಡಿಕಿನ್ಸನ್. ಓವರ್‌ಥಿಂಕಿಂಗ್ ಮಾಡುವವರಿಗೆ ಒಬ್ಬ ಕುಲದೇವತೆ ಬೇಕಿದ್ದರೆ ನನ್ನ ಓಟು ಅವರಿಗೆ. ಸುಮಾರು 1,800 ಕವಿತೆ ಬರೆದರು. ಬದುಕಿದ್ದಾಗ ಅಚ್ಚಾದದ್ದು ಹತ್ತರ ಆಸುಪಾಸು. 1862ರ ಏಪ್ರಿಲ್‌ನಲ್ಲಿ ತಾವು ಎಂದೂ ನೋಡಿರದ ಥಾಮಸ್ ಹಿಗಿನ್ಸನ್ ಅನ್ನುವ ಲೇಖಕರಿಗೆ ನಾಲ್ಕು ಕವಿತೆ ಇಟ್ಟು ಕಾಗದ ಹಾಕಿದರು. ನನ್ನ ಕವಿತೆಗೆ ಜೀವ ಇದೆಯಾ, ಹೇಳಲು ಪುರುಸೊತ್ತಿದೆಯಾ ಅಂತ ಕೇಳಿದರು. ಕಾಗದಕ್ಕೆ ಸಹಿ ಹಾಕಲಿಲ್ಲ. ಹೆಸರನ್ನು ಒಂದು ಕಾರ್ಡಿನಲ್ಲಿ ಬರೆದು, ಆ ಕಾರ್ಡನ್ನು ಇನ್ನೊಂದು ಪುಟ್ಟ ಕವರಿನಲ್ಲಿ ಹಾಕಿ, ಅದನ್ನು ಈ ಕವರಿನೊಳಗೆ ಇಟ್ಟರು. ಎಷ್ಟು ಅಳೆದು ಸುರಿದು ಮಾಡಿರಬೇಕು ನೋಡಿ! ಆದರೂ ಕಳಿಸಿದರು. ಅಲ್ಲಿಂದ 1886ರಲ್ಲಿ ಸಾಯುವವರೆಗೂ ಅವರಿಬ್ಬರ ನಡುವೆ ಕಾಗದ ನಡೆಯಿತು. ಮುಖ ನೋಡಿದ್ದು ಎರಡೇ ಸಲ. ಹಿಗಿನ್ಸನ್‌ಗೆ ಆ ಕವಿತೆಗಳು ಪೂರ್ತಿ ಅರ್ಥವಾದವು ಅಂತ ಹೇಳಲಾರೆ. ಅಚ್ಚು ಹಾಕಿಸಲು ಅವಸರ ಬೇಡ ಅಂದವರು ಅವರೇ. ಆದರೆ 1890ರಲ್ಲಿ ಆ ಕವಿತೆಗಳು ಮೊದಲ ಸಲ ಪುಸ್ತಕವಾಗಿ ಬಂದಾಗ ಸಂಪಾದಿಸಿದ ಇಬ್ಬರಲ್ಲಿ ಒಬ್ಬರೂ ಅವರೇ.

ಬರೆದದ್ದನ್ನೆಲ್ಲ ಕಳಿಸಿ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ತಿಳಿಯಬೇಡಿ. 1863ರ ಜುಲೈನಲ್ಲಿ, ಅಮೆರಿಕದ ಅಂತರ್ಯುದ್ಧದ ಹೊತ್ತಿನಲ್ಲಿ, ಅಧ್ಯಕ್ಷ ಲಿಂಕನ್ ತಮ್ಮ ಸೇನಾಪತಿ ಮೀಡ್ ಮೇಲೆ ಕೆಂಡವಾಗಿದ್ದರು. ಗೆದ್ದ ಮೇಲೆ ಓಡುತ್ತಿದ್ದ ಶತ್ರುವನ್ನು ಅಟ್ಟಿಕೊಂಡು ಹೋಗಲಿಲ್ಲ ಅಂತ. ಉದ್ದದ ಕಾಗದ ಬರೆದರು. ಆಮೇಲೆ ಸಹಿ ಹಾಕಲಿಲ್ಲ, ಕಳಿಸಲೂ ಇಲ್ಲ. ಕವರಿನ ಮೇಲೆ ಹಾಗಂತಲೇ ಬರೆದಿಟ್ಟುಕೊಂಡರು. ಬರೆಯುವುದು ಒಂದು ತೀರ್ಮಾನ, ಕಳಿಸುವುದು ಇನ್ನೊಂದು. ಎರಡನ್ನೂ ಒಂದೇ ಗಂಟು ಕಟ್ಟಿಕೊಂಡರೆ ಬರೆಯುವುದೇ ಆಗುವುದಿಲ್ಲ. ಕೋಪದ ಕಾಗದ ಒಂದು ರಾತ್ರಿ ಮೇಜಿನ ಮೇಲೆ ಮಲಗಲಿ. ಅಕ್ಕರೆಯದ್ದಾದರೆ ಅವತ್ತೇ ಹೊರಡಲಿ.

ಮಾತು ಮುಗಿಯುವ ಹೊತ್ತಿಗೆ ಎದುರು ಕೂತಿದ್ದ ಹುಡುಗಿಯೊಬ್ಬಳು ಕೇಳಿದಳು. "ಸರ್, ಈಗ ಕಂಪ್ಯೂಟರಿಗೆ ಹೇಳಿದರೆ ಅದೇ ಬರೆದುಕೊಡುತ್ತಲ್ಲ, ನಾವು ಯಾಕೆ ಒದ್ದಾಡಬೇಕು?" ಒಳ್ಳೆಯ ಪ್ರಶ್ನೆ. ರಜೆ ಚೀಟಿಗೆ ಬರೆಸಿಕೋ ಅಮ್ಮ, ತಪ್ಪಿಲ್ಲ ಅಂದೆ. ಗೆಳೆಯನ ಕಾಗದಕ್ಕೆ ಅದು ನನಗಿಂತ ಸೊಗಸಾದ ಸಂತಾಪ ಬರೆದುಕೊಡುತ್ತಿತ್ತು, ಅನುಮಾನ ಇಲ್ಲ. ಅದಕ್ಕೆ ಗೊತ್ತಿಲ್ಲದ್ದು ಒಂದೇ ಒಂದು ವಿಷಯ. ಅದನ್ನು ಹೇಳಲು ಮತ್ತೆ ಕಥೆಗೆ ಬರಬೇಕು.

ಮೂರನೇ ತಿಂಗಳು. ಒಂದು ಕಡೆ ಯಾವುದೋ ಕೆಲಸಕ್ಕೆ ಹೋಗಿ ನನ್ನ ಸರದಿಗೆ ಕಾಯುತ್ತಾ ಕೂತಿದ್ದೆ. ಅಲ್ಲಿನವರು ನನ್ನ ಹೆಸರನ್ನು ತಪ್ಪಾಗಿ ಕೂಗಿದರು. ನಾನು ತಿದ್ದಲಿಲ್ಲ, ಎದ್ದು ಹೋದೆ. ಅರ್ಧ ದಾರಿಯಲ್ಲಿ ಕಾಲು ನಿಂತಿತು. ಗೆಳೆಯನ ಅಮ್ಮ ನನ್ನನ್ನು ಯಾವತ್ತೂ ಸರಿಯಾದ ಹೆಸರಿನಿಂದ ಕರೆದವರಲ್ಲ. ಮೊದಲ ಸಲ ಅವನ ಮನೆಗೆ ಹೋದಾಗಲೇ ಬೇರೆ ಯಾವುದೋ ಹೆಸರು ಹಿಡಿದರು. ತಿದ್ದಿದರೆ ದೊಡ್ಡವರಿಗೆ ಮುಜುಗರ ಆಗುತ್ತೆ ಅಂತ ಸುಮ್ಮನಿದ್ದೆ. ಎರಡನೇ ಸಲ, ಹೋದ ಸಲವೇ ಹೇಳಬೇಕಿತ್ತು, ಈಗ ಹೇಳಿದರೆ ಚೆನ್ನಾಗಿರಲ್ಲ ಅನ್ನಿಸಿತು. ಹೀಗೆ ಹತ್ತು ವರ್ಷ.

ಕೈಯಲ್ಲಿದ್ದ ಫಾರಂ ತಿರುಗಿಸಿ ಅದರ ಹಿಂದೆ ಬರೆದೆ. 'ನಿಮ್ಮಮ್ಮ ಹತ್ತು ವರ್ಷ ನನ್ನನ್ನು ತಪ್ಪು ಹೆಸರಿನಿಂದ ಕರೆದರು. ನಾನು ಒಂದು ಸಲವೂ ತಿದ್ದಲಿಲ್ಲ. ಇವತ್ತು ಯಾರೋ ನನ್ನ ಹೆಸರು ತಪ್ಪು ಹೇಳಿದಾಗ ಅವರ ನೆನಪಾಗಿ ನಿಂತಲ್ಲೇ ಕಣ್ಣು ತುಂಬಿತು. ಮೂರು ತಿಂಗಳಿಂದ ನಿನಗೆ ಬರೆಯಬೇಕು ಅಂತಿದ್ದೆ ಕಣೋ.' ಅಷ್ಟೇ. ಹೊಸ ಹಾಳೆಗೆ ಇಳಿಸಿದರೆ ಮತ್ತೆ ತಿದ್ದಲು ಕೂರುತ್ತೇನೆ ಅನ್ನುವುದು ಗೊತ್ತಿತ್ತು. ಆ ಫಾರಂನ್ನೇ ಮಡಚಿ ಕವರಿಗೆ ಹಾಕಿ ಅಂಚೆಗೆ ಕೊಟ್ಟೆ.

ಎಂಟು ದಿನಕ್ಕೆ ಅವನ ಫೋನ್ ಬಂತು. ಮೊದಲು ನಗುತ್ತಿದ್ದ. ಆಮೇಲೆ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಹೇಳಿದ.

"ಅಮ್ಮನಿಗೆ ನಿನ್ನ ಹೆಸರು ಚೆನ್ನಾಗಿ ಗೊತ್ತಿತ್ತು ಕಣೋ. ಮೊದಲ ಸಲ ಬಾಯಿ ತಪ್ಪಿ ಅಂದಿದ್ದು. ನೀನು ಸುಮ್ನೆ ಇದ್ದೆಯಲ್ಲ, ಈ ಹುಡುಗ ಎಷ್ಟು ದಿನ ಸುಮ್ನೆ ಇರ್ತಾನೆ ನೋಡೋಣ ಅಂತ ಹಾಗೇ ಕರೀತಾ ಹೋದರು. ನೀನು ಗೇಟು ದಾಟುತ್ತಿದ್ದ ಹಾಗೆ 'ಇವತ್ತೂ ಹೇಳಲಿಲ್ಲ' ಅಂತ ನಗೋರು. ಕೊನೆಕೊನೆಗೆ ಆಸ್ಪತ್ರೆಯಲ್ಲೂ ಕೇಳಿದರು, ಅವನು ಬಂದರೆ ಈ ಸಲವಾದರೂ ಹೇಳ್ತಾನೇನೋ ಅಂತ."

ನನಗೆ ಏನು ಹೇಳಬೇಕೋ ತೋಚಲಿಲ್ಲ. "ನೀನಾದರೂ ಹೇಳಬಾರದಿತ್ತೇನೋ" ಅಂದೆ.

"ನೀನು ಕೇಳಲಿಲ್ಲವಲ್ಲ" ಅಂದ.

ಇನ್ನೂ ಏನೇನೋ ಮಾತಾಡಿದೆವು, ಬಹಳ ಹೊತ್ತು. ಫೋನ್ ಇಡುವ ಮುಂಚೆ ಅವನು ನನ್ನನ್ನು ಆ ಹೆಸರಿನಿಂದಲೇ ಕರೆದ. ನಾನು ತಿದ್ದಲಿಲ್ಲ.